ಇದ್ದೀರನ ಪಾಲಿಗೆ ಬಂದ ಸಂಖ್ಯೆಗಳು

ಹಲಗೆಯ ಮೇಲಿನ ಧೂಳಿನಲ್ಲಿ ಕೊನೆಗೆ ಉಳಿದದ್ದು ನಲವತ್ತೇಳು. ಅದನ್ನು ಭಾಗಿಸಬೇಕಾದದ್ದೂ ನಲವತ್ತೇಳರಿಂದಲೇ. ಮಖ್ಲೂಫ್ ಬೆರಳನ್ನು ಹಲಗೆಯಿಂದ ಸ್ವಲ್ಪ ಮೇಲೆ ಹಿಡಿದುಕೊಂಡು ಹಾಗೇ ಕೂತ. ಒಂದು ಎಂದು ಬರೆದರೆ ಮುಗಿಯಿತು, ಏನೂ ಉಳಿಯುವುದಿಲ್ಲ. ಬರೆಯದೆ ಕೂತರೆ ಏನಾಗುತ್ತದೆ ಎಂದು ಯೋಚಿಸಿದ. ಏನೂ ಆಗುವುದಿಲ್ಲ. ಎಪ್ಪತ್ತು ವರ್ಷದ ಕೈ, ನಡುಗಿರಬೇಕು, ಎಲ್ಲೋ ಮೂರನ್ನು ಎರಡು ಮಾಡಿರಬೇಕು. ಅಂಗೈಯಿಂದ ಧೂಳನ್ನು ಸಮ ಮಾಡಿ ಮತ್ತೆ ಮೊದಲಿನಿಂದ ಬರೆದ: ಎಂಬತ್ತಮೂರು ಲಕ್ಷದ ಎಂಬತ್ತೆಂಟು ಸಾವಿರದ ಆರುನೂರ ಏಳು. ಈ ಸಲ ಮಕ್ಕಳು ಮಾಡುವಂತೆ ಬಾಯಲ್ಲಿ ಹೇಳಿಕೊಳ್ಳುತ್ತ ಮಾಡಿದ. ಎಂಬತ್ತಮೂರರಲ್ಲಿ ಒಂದು ಸಲ, ಉಳಿದದ್ದು ಮೂವತ್ತಾರು. ಮುನ್ನೂರ ಅರವತ್ತೆಂಟರಲ್ಲಿ ಏಳು ಸಲ. ಮತ್ತೆ ಎಂಟು, ಮತ್ತೆ ನಾಲ್ಕು, ಮತ್ತೆ ಎಂಟು. ಮತ್ತೆ ಕೊನೆಯಲ್ಲಿ ನಲವತ್ತೇಳರ ಎದುರಿಗೆ ನಲವತ್ತೇಳೇ ಬಂದು ನಿಂತಿತು. ಒಂಬತ್ತುಗಳನ್ನು ಕಳೆದು ತಾಳೆ ನೋಡಿದ: ಎರಡು ಎರಡಲೆ ನಾಲ್ಕು, ದೊಡ್ಡ ಸಂಖ್ಯೆಯ ಅಂಕೆಗಳನ್ನು ಕೂಡಿ ಒಂಬತ್ತುಗಳನ್ನು ಬಿಟ್ಟರೂ ನಾಲ್ಕು. ತಾಳೆಯಾಯಿತು. ಹೊರಗೆ ಗಿರಣಿಯ ನೀರು ಎಂದಿನಂತೆ ಸದ್ದು ಮಾಡುತ್ತಿತ್ತು. ಆ ಸದ್ದು ಇಷ್ಟು ಹೊತ್ತೂ ಇತ್ತೇ ಎಂದು ಅವನಿಗೆ ಆಶ್ಚರ್ಯವಾಯಿತು.

ಆರು ದಿನದಿಂದ ಅವನು ಬೆಳಗಿನ ನಮಾಜಿನ ನಂತರ ಹೀಗೆ ಕೂರುತ್ತಿದ್ದ. ಗೆಳೆಯ ಇದ್ದೀರ್ ಸತ್ತು ಇಂದಿಗೆ ನಲವತ್ತು ದಿನ. ಓದಿಸುವುದನ್ನೆಲ್ಲ ಓದಿಸಿಯಾಗಿತ್ತು, ಕೊಡುವುದನ್ನೆಲ್ಲ ಕೊಟ್ಟಾಗಿತ್ತು, ಆದರೂ ಎದೆಯಲ್ಲಿ ಕಟ್ಟಿಕೊಂಡದ್ದು ಕರಗಿರಲಿಲ್ಲ. ಒಂದು ಬೆಳಿಗ್ಗೆ, ಯಾಕೆಂದು ತಿಳಿಯದೆ, ಇದ್ದೀರನ ಪಾಲಿಗೆ ಬಂದಿದ್ದ ಭಾಗಾಕಾರಗಳನ್ನು ತಾನೂ ಒಂದೊಂದಾಗಿ ಮಾಡಿದರೆ ಹೇಗೆ ಅನಿಸಿತು. ಪರೀಕ್ಷಿಸಬೇಕೆಂದಲ್ಲ. ಸತ್ತವನು ನಡೆದ ಬೀದಿಯಲ್ಲಿ ಸುಮ್ಮನೆ ನಡೆದುಬರುವ ಹಾಗೆ. ಮೂವತ್ತೊಂದು ವರ್ಷದ ಹಿಂದೆ, ಒಂದು ಇಡೀ ಚಳಿಗಾಲ, ಈ ಸಂಖ್ಯೆ ಕಿವುಡೋ ಅಲ್ಲವೋ ಎಂದು ಇಬ್ಬರೂ ಹುಡುಕಿದ್ದರು. ಕಿವುಡು ಎಂದರೆ ಯಾರು ಕರೆದರೂ ಓಗೊಡದ್ದು, ಒಂದು ಮತ್ತು ತಾನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ್ದು. ಎರಡು ಸಾವಿರದ ಎಂಟುನೂರ ತೊಂಬತ್ತಾರರವರೆಗಿನ ಎಲ್ಲ ಕಿವುಡುಗಳಿಂದಲೂ ಭಾಗಿಸಿ ನೋಡಬೇಕು. ಅದರಾಚೆ ನೋಡುವ ಅಗತ್ಯವಿಲ್ಲ. ನಾನೂರಕ್ಕೂ ಹೆಚ್ಚು. ಒಂದರಲ್ಲಿ, ಮೂರರಲ್ಲಿ ಮುಗಿಯುವವು ಮಖ್ಲೂಫನವು. ಏಳರಲ್ಲಿ, ಒಂಬತ್ತರಲ್ಲಿ ಮುಗಿಯುವವು ಇದ್ದೀರನವು. ಮೊದಲ ದಿನ ಏಳರಿಂದ ಭಾಗಿಸಿದಾಗ ಮೂರು ಉಳಿದಿತ್ತು. ಈ ಮೂರನ್ನು ಅವನೂ ಕಂಡಿದ್ದ ಎಂದು ನೆನೆದು ಮಖ್ಲೂಫನ ಕಣ್ಣು ತುಂಬಿ ಬಂದಿತ್ತು. ಹದಿನೇಳಕ್ಕೆ ಎಂಟು ಉಳಿಯಿತು, ಹತ್ತೊಂಬತ್ತಕ್ಕೆ ಹನ್ನೆರಡು, ಇಪ್ಪತ್ತೊಂಬತ್ತಕ್ಕೆ ಒಂಬತ್ತು. ನಿನ್ನೆ ಮೂವತ್ತೇಳಕ್ಕೆ ನಾಲ್ಕು ಉಳಿದಾಗ ಅವನು ಆ ನಾಲ್ಕನ್ನು ಅಳಿಸದೆ ಮಧ್ಯಾಹ್ನದವರೆಗೆ ಹಲಗೆಯ ಮೇಲೆ ಬಿಟ್ಟಿದ್ದ, ಮನೆಗೆ ಬಂದವನನ್ನು ಇನ್ನಷ್ಟು ಹೊತ್ತು ಕೂರಿಸಿಕೊಂಡಂತೆ.

ನಲವತ್ತೇಳು ಇದ್ದೀರನ ಪಟ್ಟಿಯಲ್ಲಿ ಆರನೆಯದು. ಅದೇ ಅವನಿಗೆ ತಡೆದುಕೊಳ್ಳಲಾಗದ್ದು. ಎರಡು ಸಾವಿರದ ಏಳುನೂರರ ಆಚೆ ಎಲ್ಲೋ, ಕೈ ಮರಗಟ್ಟಿ ಕಣ್ಣು ಮಂಜಾದ ಮೇಲೆ, ಒಂದು ಅಂಕೆ ತಪ್ಪಿದ್ದರೆ ಅದು ಯಾರಿಗಾದರೂ ಆಗುವಂಥದ್ದು. ಅಂಥ ತಪ್ಪನ್ನು ಮಖ್ಲೂಫ್ ಅಪ್ಪಿಕೊಂಡುಬಿಡುತ್ತಿದ್ದ. ಆದರೆ ಪಟ್ಟಿಯ ಆರನೆಯ ಹೆಜ್ಜೆಯಲ್ಲಿ, ಮೊದಲ ವಾರದಲ್ಲಿ, ಮನುಷ್ಯನ ಕೈ ಇನ್ನೂ ಹುರುಪಿನಲ್ಲಿರುವಾಗ? ಇದ್ದೀರ್ ಹತ್ತು ಅಂಕೆಯ ಸಂಖ್ಯೆಗಳನ್ನು ನಡೆಯುತ್ತಲೇ ಮನಸ್ಸಿನಲ್ಲಿ ಗುಣಿಸುತ್ತಿದ್ದವನು. ಒಂದೋ ಅವನು ಆರನೆಯದನ್ನೂ ಮಾಡಿರಲಿಲ್ಲ, ಇಲ್ಲವೇ... ಧೂಳು ಹಲಗೆಯಲ್ಲಿ ಲೆಕ್ಕ ಮಾಡುವವರು ಹಿಂದಿನ ಅಂಕೆಯನ್ನು ಅಳಿಸಿಯೇ ಮುಂದಿನದನ್ನು ಬರೆಯುತ್ತಾರೆ. ಉತ್ತರ ಬರುವ ಹೊತ್ತಿಗೆ ಬಂದ ದಾರಿ ಇರುವುದಿಲ್ಲ. ಇದ್ದೀರ್ ಆ ಚಳಿಗಾಲದಲ್ಲಿ ಏನು ಮಾಡಿದ, ಏನು ಬಿಟ್ಟ ಎಂಬುದಕ್ಕೆ ಇದ್ದದ್ದು ಅವನ ಮಾತು ಒಂದೇ. ಪ್ರತಿ ಶುಕ್ರವಾರ ಬಂದು ಅವನು ಹೇಳುತ್ತಿದ್ದ: 'ನನ್ನವು ಈ ವಾರವೂ ಒಂದೂ ಒಪ್ಪಲಿಲ್ಲಪ್ಪ. ನಿನ್ನವು?'

"ಅಣ್ಣಾ, ಹೊತ್ತಾಯ್ತು. ಇನ್ನೂ ಆ ಮಣ್ಣಲ್ಲೇ ಆಡ್ತಾ ಕೂತಿದೀಯಾ?" ತಂಗಿ ಇಝ್ಝಾ ಬಾಗಿಲಲ್ಲಿ ನಿಂತಿದ್ದಳು. ಗಂಡ ಸತ್ತ ಮೇಲೆ ಈ ಮನೆಗೆ ಬಂದು ಇಪ್ಪತ್ತು ವರ್ಷದಿಂದ ಅಣ್ಣನ ಅಡಿಗೆಮನೆಯನ್ನೂ ಅಣ್ಣನನ್ನೂ ಆಳುತ್ತಿದ್ದವಳು. "ಇದ್ದೀರನ ಮನೆಗೆ, ತೂದಾಗೆ, ನಲವತ್ತನೇ ದಿನದ ಕುಸ್ಕುಸು ಕಟ್ಟಿಟ್ಟಿದೀನಿ. ಬಿಸಿ ಇರೋವಾಗ್ಲೇ ತಗೊಂಡು ಹೋಗು. ಒಣದ್ರಾಕ್ಷಿ ಹಾಕಿದೀನಿ, ನಿನ್ನ ಸ್ನೇಹಿತನಿಗೆ ಇಷ್ಟ ಅಂತ."

"ಅವನಿಗೆ ಇಷ್ಟ ಅಂತ ಅವನೇ ಹೇಳಿದ್ನಾ?"

"ಇದೇನು ಪ್ರಶ್ನೆ? ತಟ್ಟೆಗಟ್ಲೆ ತಿಂದವನು ಬಾಯಿಬಿಟ್ಟು ಬೇರೆ ಹೇಳ್ಬೇಕಾ?" ಅವಳು ಹತ್ತಿರ ಬಂದು ಅವನ ಮುಖ ನೋಡಿದಳು. "ಮುಖ ಯಾಕೆ ಸುಣ್ಣ ಬಳಿದ ಹಾಗಿದೆ? ಇವತ್ತು ಅಸರ್ ನಮಾಜ್ ಆದ್ಮೇಲೆ ಬರ್ಹೂನ್ ನಿನ್ನ ಪುಸ್ತಕ ಓದಿ ಮುಗಿಸ್ತಾನೆ ಅಲ್ವಾ? ಸಂತೋಷದ ದಿನ. ಗಡ್ಡಕ್ಕೆ ಸ್ವಲ್ಪ ಎಣ್ಣೆ ಹಚ್ಕೋ, ಜನ ಇರ್ತಾರೆ."

ಬರ್ಹೂನ್. ಅದು ಅವನಿಗೆ ಮರೆತೇಹೋಗಿತ್ತು. ದೂರದ ಸಿಜಿಲ್ಮಾಸ ಪಟ್ಟಣದಿಂದ ಬಂದ ಕುಂಟ, ನಲವತ್ತು ದಾಟಿದವನು, ಮಾತುಗಾರ, ಆದರೆ ಓದುವಾಗ ಒಂದು ಚುಕ್ಕೆಯನ್ನೂ ಬಿಡದವನು. ನಾಳೆ ಹಜ್ ಯಾತ್ರೆಯವರ ಜೊತೆ ಹೊರಡುತ್ತಾನೆ, ದಾರಿಯಲ್ಲಿ ಕೈರೋದಲ್ಲಿ ಒಂದು ವರ್ಷ ನಿಲ್ಲುತ್ತಾನೆ, ಅಲ್ಲಿಯ ಪಂಡಿತರಿಗೆ ಮಖ್ಲೂಫನ ಪುಸ್ತಕ ತೋರಿಸುತ್ತಾನೆ. ಅದಕ್ಕೆ ಮೊದಲು ಪದ್ಧತಿಯಂತೆ, ತಾನು ನಕಲು ಮಾಡಿಕೊಂಡ ಪ್ರತಿಯನ್ನು ಬರೆದವನ ಎದುರಿಗೆ ಕೂತು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಪ್ರತಿ ಮಾತು ಮುಗಿದಾಗ ಓದುವವನು ನಿಲ್ಲುತ್ತಾನೆ. ಬರೆದವನು ಹೌದು ಎನ್ನುತ್ತಾನೆ. ಓದು ಮುಂದೆ ಹೋಗುತ್ತದೆ. ಹನ್ನೊಂದು ದಿನದಿಂದ ಮಖ್ಲೂಫ್ ದೊಡ್ಡ ಮಸೀದಿಯ ಕಂಬಕ್ಕೊರಗಿ ಹೌದು ಹೌದು ಎಂದಿದ್ದ. ಉಳಿದದ್ದು ಕೊನೆಯ ಅಧ್ಯಾಯ. ಅದರಲ್ಲೇ ಆ ಸಂಖ್ಯೆ ಇತ್ತು. ಅದು ಕಿವುಡಾದರೆ ಅದರಿಂದ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ. ಆರು ತನ್ನ ಭಾಗಗಳಾದ ಒಂದು, ಎರಡು, ಮೂರರ ಮೊತ್ತವಾಗಿರುವಂತೆ, ಇಪ್ಪತ್ತೆಂಟು ತನ್ನ ಭಾಗಗಳ ಮೊತ್ತವಾಗಿರುವಂತೆ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ. ದೇವರು ಲೋಕವನ್ನು ಆರು ದಿನದಲ್ಲಿ ಮಾಡಿದ. ಅಂಥ ಸಂಖ್ಯೆಗಳು ಎಷ್ಟು ವಿರಳವೆಂದರೆ ಅವುಗಳಲ್ಲಿ ಒಂದನ್ನು, ಹದಿನಾಲ್ಕು ಅಂಕೆಯದನ್ನು, ತನಗೆ ತೋರಿಸಿದ್ದಕ್ಕಾಗಿ ಮಖ್ಲೂಫ್ ಮೂವತ್ತೊಂದು ವರ್ಷ ಪ್ರತಿ ಬೆಳಗೂ ಹಣೆ ನೆಲಕ್ಕೆ ಹಚ್ಚಿದಾಗ ಬೇರೆಯಾಗಿ ಒಂದು ಕ್ಷಣ ಕೃತಜ್ಞತೆ ಹೇಳುತ್ತಿದ್ದ. ಹೆಂಡತಿ ಹೋದ ವರ್ಷವೂ ಹೇಳಿದ್ದ. ಇಂದು ಬೆಳಿಗ್ಗೆಯೂ ಹೇಳಿಯೇ ಎದ್ದು ಬಂದು ಹಲಗೆಯ ಮುಂದೆ ಕೂತಿದ್ದ.

ಬುತ್ತಿ ಹಿಡಿದು ಇಳಿಜಾರಿನ ಓಣಿಗೆ ಬಂದಾಗ ಕಾಲು ತಾನಾಗಿ ನಡೆಯುತ್ತಿತ್ತು. ಹಸಿ ತೊಗಲು ಹೊತ್ತ ಕತ್ತೆಯೊಂದು ಎದುರಿಗೆ ಬಂತು. ದಾರಿ ಬಿಡಿ ದಾರಿ ಬಿಡಿ ಎಂದು ಕತ್ತೆಯ ಹಿಂದಿನಿಂದ ಕೂಗಿದ್ದು ಕೇಳಿದರೂ ಸರಿಯಲು ತೋಚದೆ ನಿಂತ. ತೊಗಲಿನ ತಣ್ಣನೆಯ ಅಂಚು ಅವನ ಬುರ್ನೂಸು ನಿಲುವಂಗಿಗೆ ಸವರಿ ಒದ್ದೆ ಮಾಡಿ ಹೋಯಿತು. "ಕಿವಿ ಕೇಳಲ್ವಾ ತಾತಾ?" ಎಂದು ಕತ್ತೆಯವನು ಬೈದು, ಯಾರೆಂದು ಗುರುತು ಹಿಡಿದು, "ಅಯ್ಯೋ, ಸಾಕ್ಷಿ ಬರೆಯೋ ಸಿದಿ! ತಪ್ಪಾಯ್ತು ಸಿದಿ," ಎಂದು ಎದೆಗೆ ಕೈ ಇಟ್ಟುಕೊಂಡ. ಆ ಕ್ಷಮೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಸಾಕ್ಷಿ ಬರೆಯುವ ಸಿದಿ, ಒಡೆಯ. ನಲವತ್ತು ವರ್ಷ ಖಾಜಿಯ ಕಟ್ಟೆಯ ಪಕ್ಕ ಕೂತು ಮದುವೆ, ಮಾರಾಟ, ಮರಣಗಳಿಗೆ ಸಾಕ್ಷಿ ಹಾಕಿದವನು. ಕಣ್ಣಾರೆ ಕಾಣದ್ದಕ್ಕೆ ಮಖ್ಲೂಫ್ ಕಲಮು ಎತ್ತುವುದಿಲ್ಲ ಎಂದು ಊರೇ ಹೇಳುತ್ತಿತ್ತು. ಒಮ್ಮೆ ಸ್ವಂತ ಭಾವಮೈದುನನೇ ಅತ್ತು ಕರೆದರೂ, ಗೋಡೆಯಾಚೆಯಿಂದ ಕೇಳಿದ ಒಪ್ಪಿಗೆಗೆ ಅವನು ಸಾಕ್ಷಿ ಹಾಕಿರಲಿಲ್ಲ. ಅಂಥವನು ತನ್ನ ಪುಸ್ತಕದಲ್ಲಿ ಬರೆದದ್ದೇನು? 'ನಾವು ನೋಡಿದೆವು.' ಇನ್ನೂರು ಭಾಗಾಕಾರಗಳನ್ನು ಅವನು ನೋಡಿರಲಿಲ್ಲ. ನೋಡಿದೆ ಎಂದು ಇನ್ನೊಬ್ಬ ಹೇಳಿದ್ದನ್ನು ಕೇಳಿದ್ದ. ಬೇರೆ ಯಾರಾದರೂ ಅಂಥ ಕಾಗದ ತಂದಿದ್ದರೆ ಅವನು ಅದನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಕೊಡುತ್ತಿದ್ದ.

ಶುಕ್ರವಾರಗಳು ನೆನಪಾದವು. ಮಾಳಿಗೆಯ ಮೇಲೆ ಚಳಿಬಿಸಿಲು, ಕೆಳಗಿನಿಂದ ಕಂಚುಗಾರರ ಸದ್ದು ಇಲ್ಲದ ದಿನ, ಇದ್ದೀರ್ ಬಟ್ಟೆಯ ತುದಿಯಲ್ಲಿ ಹುರಿಗಡಲೆ ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಬಂದವನೇ ಕಡಲೆಯನ್ನು ನಡುವೆ ಸುರಿದು, ಕೈ ಒರೆಸಿಕೊಳ್ಳುತ್ತಿದ್ದ. ಅವನ ಉಗುರುಗಳಲ್ಲಿ ಹಲಗೆಯ ಧೂಳು ಇರುತ್ತಿತ್ತು. ಅದು ಮಖ್ಲೂಫನಿಗೆ ಸ್ಪಷ್ಟವಾಗಿ ನೆನಪಿತ್ತು, ಯಾಕೆಂದರೆ ತನ್ನ ಉಗುರುಗಳಲ್ಲೂ ಅದೇ ಧೂಳಿತ್ತು, ಅದನ್ನು ನೋಡಿ ಇಬ್ಬರೂ ಒಂದೇ ಹೊಲದಲ್ಲಿ ದುಡಿದವರೆಂದು ಅವನಿಗೆ ಹೆಮ್ಮೆಯಾಗುತ್ತಿತ್ತು. ಬರುವ ಮೊದಲು ಬೆರಳುಗಳನ್ನು ಧೂಳಿಗೆ ಅದ್ದಿಕೊಂಡು ಬರುತ್ತಿದ್ದನೇ? ಮೆಟ್ಟಿಲ ಕೆಳಗೆ ನಿಂತು? ಈ ಯೋಚನೆ ಬಂದೊಡನೆ ಮಖ್ಲೂಫ್ ಓಣಿಯ ನಡುವೆ ನಿಂತು ಕಣ್ಣು ಮುಚ್ಚಿದ. ಸತ್ತವನ ಬಗ್ಗೆ ಹೀಗೆ ಯೋಚಿಸುವುದು ಪಾಪ. ಆದರೆ ಉಗುರುಗಳು ಕಣ್ಣ ಮುಂದಿನಿಂದ ಹೋಗಲಿಲ್ಲ.

ಮಸೀದಿಯ ಗೋಪುರದ ಬುಡದಲ್ಲಿ ಹೊತ್ತು ನೋಡುವವನ ಮನೆ. ಎರಡು ಕೋಣೆ, ಒಂದು ಅಂಗಳ, ಅಂಗಳದಲ್ಲಿ ನೆರಳುಗೋಲಿನ ಕಲ್ಲು. ನಮಾಜಿನ ಐದು ಹೊತ್ತುಗಳನ್ನೂ ಸೂರ್ಯನಿಂದ, ನಕ್ಷತ್ರದಿಂದ, ನೀರಿನ ಗಡಿಯಾರದಿಂದ ನಿಶ್ಚಯಿಸಿ ಮೇಲಿರುವ ಕೂಗುವವನಿಗೆ ಸನ್ನೆ ಮಾಡುವ ಹುದ್ದೆ. ಇದ್ದೀರ್ ಅದನ್ನು ಮೂವತ್ತೊಂದು ವರ್ಷ ಮಾಡಿದ. ಈಗ ಹೊಸಬನನ್ನು ನೇಮಿಸಿಯಾಗಿತ್ತು; ನಲವತ್ತು ದಿನ ಕಳೆಯಲೆಂದು ಕಾದಿದ್ದರು. ಅಂಗಳದ ತುಂಬ ಕಟ್ಟಿದ ಗಂಟುಗಳು. ಇದ್ದೀರನ ಹೆಂಡತಿ ತೂದಾ ಒಂದು ಚಾಪೆಯನ್ನು ಮೊಣಕಾಲಲ್ಲಿ ಅದುಮಿ ಸುತ್ತುತ್ತಿದ್ದಳು. ಬೆಟ್ಟದ ಕಡೆಯ ಹೆಂಗಸು, ಗಲ್ಲದ ಮೇಲೆ ಹಚ್ಚೆ, ನಗು ಬೇಗ ಬರುವವಳು, ಅಳುವನ್ನು ಯಾರಿಗೂ ತೋರಿಸದವಳು.

"ಬನ್ನಿ ಸಿದಿ ಮಖ್ಲೂಫ್, ಬನ್ನಿ. ಕೂರಿಸೋಣ ಅಂದ್ರೆ ಚಾಪೇನೂ ಸುತ್ತಿಬಿಟ್ಟೆ ನೋಡಿ. ಆ ಗಂಟಿನ ಮೇಲೆ ಕೂತ್ಕೊಳ್ಳಿ, ಅದ್ರಲ್ಲಿ ಬರೀ ಉಣ್ಣೆ ಇದೆ, ಏನೂ ಒಡೆಯೋಲ್ಲ."

ಅವನು ಬುತ್ತಿ ಕೊಟ್ಟು ಕೂತ. ಅವಳು ಬಟ್ಟೆ ಬಿಚ್ಚಿ ಮೂಸಿ ನೋಡಿ, "ಒಣದ್ರಾಕ್ಷಿ! ಇಝ್ಝಾಗೆ ದೇವರು ಆಯಸ್ಸು ಕೊಡ್ಲಿ. ನಮ್ಮವ್ರು ದ್ರಾಕ್ಷೀನೆಲ್ಲ ಆರಿಸಿ ಪಕ್ಕಕ್ಕಿಡ್ತಿದ್ರು, ನಿಮ್ಮನೇಲಿ ಮಾತ್ರ ಸಂಕೋಚಕ್ಕೆ ತಿಂದುಬಿಡೋರು," ಎಂದು ನಕ್ಕಳು.

ಮಖ್ಲೂಫ್ ನಗಲಿಲ್ಲ. ಬರುವ ದಾರಿಯಲ್ಲಿ ಕೇಳಬಾರದೆಂದು ನಿಶ್ಚಯಿಸಿದ್ದ. ನಲವತ್ತನೆಯ ದಿನ ವಿಧವೆಯ ಮುಂದೆ ಇಂಥ ಮಾತೆತ್ತುವವನು ಮನುಷ್ಯನಲ್ಲ ಎಂದು ತನಗೇ ಹೇಳಿಕೊಂಡಿದ್ದ. ಆದರೆ ದ್ರಾಕ್ಷಿಯ ಮಾತು ಕೇಳಿದ ಮೇಲೆ ಬಾಯಿ ತಾನಾಗಿ ತೆರೆಯಿತು. "ಲಲ್ಲಾ ತೂದಾ, ಆ ಚಳಿಗಾಲದಲ್ಲಿ ಅವನು ಲೆಕ್ಕ ಮಾಡ್ತಿದ್ದದ್ದು ನಿಮಗೆ ನೆನಪಿದೆಯಾ? ನಾವಿಬ್ರೂ ಹಂಚಿಕೊಂಡಿದ್ದ ಆ ದೊಡ್ಡ ಸಂಖ್ಯೆ."

ಚಾಪೆಯ ಮೇಲಿದ್ದ ಅವಳ ಮೊಣಕಾಲು ಸಡಿಲಾಯಿತು. ಚಾಪೆ ಅರ್ಧ ಬಿಚ್ಚಿಕೊಂಡಿತು. ಅವಳು ಅದನ್ನು ಮತ್ತೆ ಸುತ್ತಲಿಲ್ಲ.

"ಕಿವುಡನಾ?" ಎಂದಳು. "ನಮ್ಮನೇಲಿ ಅದನ್ನ ಕಿವುಡ ಅಂತಾನೇ ಕರೀತಿದ್ದದ್ದು. ಅಪ್ಪ ಎಲ್ಲಿ ಅಂತ ಮಕ್ಕಳು ಕೇಳಿದ್ರೆ, ಸಿದಿ ಮಖ್ಲೂಫನ ಕಿವುಡನ್ನ ಮಾತಾಡಿಸೋಕೆ ಹೋಗಿದಾರೆ ಅಂತಿದ್ದೆ." ಆಮೇಲೆ, "ನಿಮಗೆ ಗೊತ್ತಾಯ್ತಾ?" ಎಂದಳು.

"ನಲವತ್ತೇಳು," ಎಂದ ಮಖ್ಲೂಫ್.

"ಸಂಖ್ಯೆ ಎಲ್ಲಾ ನಂಗೆ ನೆನಪಿಲ್ಲ. ಮೊದಲ ವಾರ. ಬುಧವಾರವೋ ಗುರುವಾರವೋ. ಊಟಕ್ಕೆ ಬಂದ್ರು, ರೊಟ್ಟಿ ಕೈಲಿ ಹಿಡ್ಕೊಂಡು ತಿನ್ನದೆ ಕೂತ್ರು. ಏನಾಯ್ತು ಅಂದೆ. ಒಡೀತು ಕಣೇ ಅಂದ್ರು. ಸರಿ, ಎದ್ದು ಹೋಗಿ ಹೇಳಿ ಬನ್ನಿ ಅಂದೆ. ಶುಕ್ರವಾರ ಹೇಗೂ ಹೋಗ್ತೀನಲ್ಲ ಅಂದ್ರು. ಆ ಶುಕ್ರವಾರಾನೇ ಅಲ್ವಾ ಹಳೇ ಹೊತ್ತು ನೋಡೋ ಮುದುಕ ತೀರಿಕೊಂಡದ್ದು?"

ಹೌದು, ಆ ಶುಕ್ರವಾರವೇ. ಖಾಜಿಯ ಆಳು ಮೊದಲು ಬಂದದ್ದು ಮಖ್ಲೂಫನ ಮನೆಗೆ. ಹುದ್ದೆ ನಿನ್ನದು, ಒಪ್ಪಿಕೊಳ್ಳುತ್ತೀಯೋ ಎಂದು. ಮಖ್ಲೂಫ್ ಹಲಗೆಯಿಂದ ತಲೆಯೆತ್ತದೆ ಹೇಳಿದ್ದ: ಈ ಚಳಿಗಾಲ ನನ್ನ ಕೈ ಖಾಲಿಯಿಲ್ಲ, ಇದ್ದೀರನನ್ನು ಕೇಳಿ, ಆಕಾಶ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಹೇಳುವಾಗ ತಾನು ಎಂಥ ಉದಾರಿ ಎಂದು ಒಳಗೇ ಒಂದು ಸಿಹಿ ಹರಡಿತ್ತು. ಸಂಜೆ ಮಾಳಿಗೆಯ ಮೇಲೆ ಇದ್ದೀರ್ ಕಡಲೆ ಸುರಿಯುತ್ತ ಅವನ ಮುಖ ನೋಡದೆ ಕೇಳಿದ್ದ: 'ಒಂದು ವೇಳೆ ಇದು ಎಲ್ಲೋ ಒಡೆದರೆ ಏನ್ ಮಾಡ್ತೀಯೋ ಮಖ್ಲೂಫ್?' ಇವನು ನಕ್ಕು, 'ಒಡೆದರೆ ನಾನು ಬದುಕಿರೋಲ್ಲ ಮಾರಾಯ,' ಎಂದಿದ್ದ. ಯಾರಾದರೂ ಆಡುವ ಮಾತು. ಇದ್ದೀರ್ ಕಡಲೆಯ ಸಿಪ್ಪೆಯನ್ನು ಊದಿ ಹಾರಿಸಿ, 'ನನ್ನವು ಈ ವಾರ ಒಂದೂ ಒಪ್ಪಲಿಲ್ಲಪ್ಪ,' ಎಂದಿದ್ದ. ಅದೇ ಮೊದಲ ಸಲ.

"ನಾನು ಬೈದೆ," ತೂದಾ ಹೇಳುತ್ತಿದ್ದಳು. "ನಾಳೆ ಹೇಳ್ತೀನಿ ಅಂದ್ರು. ನಿಮ್ಮ ಕೈ ಖಾಲಿ ಇಲ್ಲ ಅಂತ ಹುದ್ದೆ ಇವರ ಕೈಗೆ ಬಂತು. ಈ ಮನೆ ಬಂತು. ಈಗ ಹೇಳಿದ್ರೆ ಹುದ್ದೆಗೋಸ್ಕರ ಮುಚ್ಚಿಟ್ಟೆ ಅಂತಾನೆ ಅಂದ್ರು. ಅದು ನಿಜಾನೇ ಅಲ್ವಾ ಅಂದೆ. ಒಂದು ವಾರ ನನ್ನ ಜೊತೆ ಮಾತು ಬಿಟ್ರು."

"ಹಾಗಾದ್ರೆ ಆ ಚಳಿಗಾಲ ಪೂರ್ತಿ..."

"ಆಮೇಲೆ ಹಲಗೆ ಮುಟ್ಟಲೇ ಇಲ್ಲ. ಶುಕ್ರವಾರ ಮಾತ್ರ ಮುಟ್ಟೋರು," ಎಂದು ತೂದಾ ಹೇಳಿ, ಹೇಳಿದ್ದು ಹೆಚ್ಚಾಯಿತೆಂದು ತುಟಿ ಕಚ್ಚಿಕೊಂಡಳು. ಆಮೇಲೆ ನೆಟ್ಟಗೆ ಅವನನ್ನೇ ನೋಡಿದಳು. "ನಾನೂ ಹೇಳ್ಲಿಲ್ಲ ಅಣ್ಣಾ. ಅವರೊಬ್ಬರನ್ನೇ ಬೈಕೋಬೇಡಿ. ಆಗ ನಾವಿದ್ದದ್ದು ತೊಗಲು ಹದ ಮಾಡೋರ ಓಣೀಲಿ, ಮೂರು ಮಕ್ಕಳಿಗೂ ಕೆಮ್ಮು. ಈ ಅಂಗಳಕ್ಕೆ ಬಂದ ಮೇಲೆ ಕೆಮ್ಮು ನಿಂತಿತು. ನೀವು ಬಂದಾಗೆಲ್ಲ ನಿಮ್ಮ ಮುಂದೆ ನೀರಿಟ್ಟು ಒಳಗೆ ಹೋಗಿಬಿಡ್ತಿದ್ದೆನಲ್ಲ, ನಾಚಿಕೆ ಸ್ವಭಾವದವಳು ಅಂದ್ಕೊಂಡಿದ್ರಿ ನೀವು."

ಹಾಗೇ ಅಂದುಕೊಂಡಿದ್ದ. ಎರಡು ಮನೆ ಬಿಟ್ಟರೆ ಇಡೀ ಊರಿಗೆ ತಿಳಿಯದ ಒಂದು ಸಂಗತಿ. ಆ ಎರಡು ಮನೆಗಳಲ್ಲಿ ಒಂದರಲ್ಲಿ ಅದು ತಮಾಷೆಯ ಹೆಸರು, ಇನ್ನೊಂದರಲ್ಲಿ ದೇವರಿಗೆ ಹೇಳುವ ಕೃತಜ್ಞತೆ. ಆ ಚಳಿಗಾಲದ ಕೊನೆಯವರೆಗೆ ತಾನು ಒಂಟಿಯಾಗಿ ಭಾಗಿಸುತ್ತಿದ್ದ. ಇನ್ನೂರು ಭಾಗಾಕಾರ, ಪ್ರತಿಯೊಂದೂ ಎರಡೆರಡು ಸಲ. ಇದ್ದೀರ್ ಎದುರಿಗೆ ಕೂತು ಕಡಲೆ ಜಗಿಯುತ್ತ ಅದನ್ನು ನೋಡುತ್ತಿದ್ದ. ಮಖ್ಲೂಫ್ ಗಂಟಿಗೆ ಕೈಯೂರಿ ಏಳಲು ಹೋದ. ತೂದಾ ತೋಳು ಹಿಡಿಯಲು ಬಂದಾಗ ತೋಳನ್ನು ಹಿಂದಕ್ಕೆ ಸೆಳೆದುಕೊಂಡ. ಸೆಳೆದದ್ದು ಇಬ್ಬರಿಗೂ ಕಂಡಿತು.

"ಸಾಯೋ ಮೊದಲು ಏನಾದ್ರೂ ಹೇಳಿದ್ನಾ?" ಎಂದ.

"ಹೇಳಿದ್ರೆ ಒಳ್ಳೇದಿತ್ತು," ಎಂದಳು ತೂದಾ. "ಜ್ವರದಲ್ಲಿ ಹೊತ್ತು ಎಷ್ಟಾಯ್ತು, ಹೊತ್ತು ಎಷ್ಟಾಯ್ತು ಅಂತ ಕೇಳ್ತಿದ್ರು, ಅಷ್ಟೇ."

ನಡುಹಗಲಿನ ಕರೆ ಅವರ ತಲೆಯ ಮೇಲೆಯೇ, ಗೋಪುರದಿಂದ ಎದ್ದಿತು. ಹೊಸಬನ ಹೊತ್ತು. ಮಖ್ಲೂಫನಿಗೆ ಹಿಂದೆಂದೂ ಬರದ ಒಂದು ಯೋಚನೆ ಬಂತು: ಮೂವತ್ತೊಂದು ವರ್ಷ ತಾನು ಹಣೆ ನೆಲಕ್ಕೆ ಹಚ್ಚಿದ್ದು ಇದ್ದೀರ್ ಹೇಳಿದ ಹೊತ್ತಿಗೆ. ಮೋಡದ ದಿನಗಳಲ್ಲಿ ಸೂರ್ಯನನ್ನು ಯಾರು ನೋಡಿದ್ದರು? ಅವನು ಸನ್ನೆ ಮಾಡಿದ, ಕೂಗುವವನು ಕೂಗಿದ, ಊರು ಬಾಗಿತು. ಚಾಚಿದ ಅಂಗೈಗಳು, ಕೇಳಿದ ಬೇಡಿಕೆಗಳು, ಹೆಂಡತಿಗಾಗಿ ಬೇಡಿದ್ದು, ಎಲ್ಲವೂ ಆ ಮನುಷ್ಯನ ಮಾತಿನ ಮೇಲೆ ನಿಂತಿದ್ದವು. ಅಂಗಳ ದಾಟುವಾಗ ಅವನು ನೆರಳುಗೋಲಿನ ಕಲ್ಲನ್ನು ನೋಡಿದ. ನೆರಳು ಗೆರೆಯ ಮೇಲೆ ಸರಿಯಾಗಿ ಬಿದ್ದಿತ್ತು. ಗೆರೆಯನ್ನು ಕೊರೆದವನೂ ಇದ್ದೀರನೇ.

ಮಸೀದಿಯಲ್ಲಿ ಅವನು ನಡುಹಗಲಿನ ನಮಾಜು ಮಾಡಿ ಅಸರ್‌ವರೆಗೆ ಅಲ್ಲೇ ಕೂತ. ದೇವರೇ, ನೀನಾದರೂ ಹೇಳಬಹುದಿತ್ತು ಎಂಬ ಮಾತು ನಾಲಿಗೆಯ ಬುಡದವರೆಗೆ ಬಂತು. ಅದನ್ನು ನುಂಗಿ ಕ್ಷಮೆ ಬೇಡಿದ. ಹೇಳಲಿಲ್ಲವೆಂದು ಹೇಗೆ ಅನ್ನುವುದು? ಹಲಗೆ ಇತ್ತು, ಧೂಳಿತ್ತು, ನಲವತ್ತೇಳು ಇತ್ತು. ಮೂವತ್ತೊಂದು ವರ್ಷದಲ್ಲಿ ಯಾವ ಬೆಳಿಗ್ಗೆಯಾದರೂ ಆರು ಅಂಕೆಯ ಉತ್ತರಕ್ಕೆ ಬೇಕಾದಷ್ಟು ಹೊತ್ತನ್ನು ದೇವರು ಅವನಿಗೆ ಕೊಟ್ಟೇ ಇದ್ದ. ಗೆಳೆಯನ ಮೇಲಿನ ನಂಬಿಕೆ ಎಂದು ತಾನು ಕರೆದದ್ದರಲ್ಲಿ ಎಷ್ಟು ಭಾಗ ನಂಬಿಕೆ, ಎಷ್ಟು ಭಾಗ ಭಯ? ಅದನ್ನು ಬಿಡಿಸಿ ನೋಡಲು ಹೋದ, ಆಗಲಿಲ್ಲ.

ಅಸರ್ ಆದ ಮೇಲೆ ಬರ್ಹೂನ್ ಕುಂಟುತ್ತ ಬಂದು ಕಂಬದ ಬಳಿ ಪುಸ್ತಕ ಬಿಚ್ಚಿದ. ಏಳೆಂಟು ಜನ ಸುತ್ತ ಕೂತರು. "ಸಿದಿ, ಒಂಟೆಯವನ ಹತ್ರ ಮಾತಾಡಿ ಬಂದೆ," ಎಂದ ಬರ್ಹೂನ್. "ಪುಸ್ತಕ ಎಲ್ಲಿಡ್ತೀಯಾ ಅಂದ. ಎದೆ ಮೇಲೆ ಅಂದೆ. ನಿನ್ನ ಎದೆ ಒಂಟೆ ಮೇಲೆ ತಾನೇ ಇರೋದು, ತೂಕ ಒಂಟೆಗೇ ಅಂತಾನೆ ಕತ್ತೆ!" ಎಲ್ಲರೂ ನಕ್ಕರು. ಅವನು ಗಂಟಲು ಸರಿಮಾಡಿಕೊಂಡು ದೇವರ ಹೆಸರು ಹೇಳಿ ಆರಂಭಿಸಿದ. ಕೊನೆಯ ಅಧ್ಯಾಯದ ಮೊದಲ ಮಾತು. ನಿಂತ. ಹೌದು ಎಂದ ಮಖ್ಲೂಫ್. ಎರಡನೆಯದು. ಹೌದು. ತನ್ನ ದನಿ ದೂರದಿಂದ, ಇನ್ನಾರದೋ ಬಾಯಿಂದ ಬಂದಂತಿತ್ತು. ಹೌದು ಎನ್ನುತ್ತ ಹೋದರೆ ಸಾಕು. ನಾಳೆ ಬರ್ಹೂನ್ ಹೋಗುತ್ತಾನೆ. ಕೈರೋದಲ್ಲಿ ಯಾರು ನಾನೂರು ಭಾಗಾಕಾರ ಮಾಡುತ್ತಾರೆ? ಮಾಡಲಿ, ಆ ಹೊತ್ತಿಗೆ ತಾನೂ ಇದ್ದೀರನ ಪಕ್ಕದಲ್ಲಿ ಮಣ್ಣಾಗಿರುತ್ತೇನೆ. ಇಲ್ಲವೆಂದರೆ ಎಲ್ಲರೂ ಕೇಳುತ್ತಾರೆ: ಯಾರ ಪಾಲಿನದು ತಪ್ಪಿತು? ಏಳರಲ್ಲಿ ಮುಗಿಯುವವು ಯಾರವೆಂದು ಪುಸ್ತಕದಲ್ಲೇ ಬರೆದಿದೆ.

"'ನಾನೂ ನನ್ನ ಜೊತೆಗಾರ ಇದ್ದೀರನೂ,'" ಎಂದು ಓದಿ ಬರ್ಹೂನ್, ಸತ್ತವರ ಹೆಸರು ಬಂದಾಗ ಓದುವವರು ಸೇರಿಸುವಂತೆ, "ದೇವರ ಕರುಣೆ ಅವರ ಮೇಲಿರಲಿ," ಎಂದ. ಸುತ್ತಲಿನವರು ಆಮೀನ್ ಎಂದರು. ಮಖ್ಲೂಫನ ತುಟಿ ಅಲ್ಲಾಡಲಿಲ್ಲ. ಯಾರೂ ಗಮನಿಸಲಿಲ್ಲ. "'ಇದನ್ನು ಎರಡು ಸಾವಿರದ ಎಂಟುನೂರ ತೊಂಬತ್ತಾರರವರೆಗಿನ ಪ್ರತಿಯೊಂದು ಕಿವುಡಿನಿಂದಲೂ ಭಾಗಿಸಿ ನೋಡಿದೆವು; ಒಂದೂ ಒಪ್ಪಲಿಲ್ಲ.'"

ನಿಂತ. ಕಾದ. ಪುಟದ ಮೇಲಿಟ್ಟ ಬೆರಳನ್ನು ಎತ್ತದೆ ತಲೆಯೆತ್ತಿ ನೋಡಿದ.

"ಇಲ್ಲ," ಎಂದ ಮಖ್ಲೂಫ್.

"ನಾನು ತಪ್ಪು ಓದಿದ್ನಾ ಸಿದಿ?"

"ಓದಿದ್ದು ಸರಿ. ಬರೆದದ್ದು ಸರಿಯಿಲ್ಲ. ಹೊಡೆದು ಹಾಕು."

ಬರ್ಹೂನ್ ಅವನ ಮುಖ ನೋಡಿದ, ತಮಾಷೆಯೋ ಎಂದು. ಮುಂದಿನ ಸಾಲಿಗೆ ಬೆರಳು ಸರಿಸಿ ಮೆಲ್ಲಗೆ ಓದಿದ: "'ಆದ್ದರಿಂದ ಪರಿಪೂರ್ಣವಾದದ್ದು ಮೂವತ್ತೈದು ಲಕ್ಷದ ಹದಿನೆಂಟು ಸಾವಿರದ ನಾನೂರ ಮೂವತ್ತಾರು ಕೋಟಿ...' ಇದೂನಾ?"

"ಇದೂ. ಅಲ್ಲಿಂದ ಕೊನೆವರೆಗೆ ಎಲ್ಲಾ."

"ಸಿದಿ, ಈ ಪುಟಕ್ಕೋಸ್ಕರಾನೇ ನಾನು ಎರಡು ವರ್ಷ ಈ ಊರಲ್ಲಿದ್ದೆ," ಎಂದ ಬರ್ಹೂನ್. ದನಿಯಲ್ಲಿ ಸಿಟ್ಟಿತ್ತು, ಅದನ್ನು ಅವನು ಅಡಗಿಸಲೂ ಇಲ್ಲ. "ಉಳಿದದ್ದೆಲ್ಲ ಬೇರೆ ಪುಸ್ತಕಗಳಲ್ಲೂ ಇದೆ." ಹಿಂದೆ ಕೂತವನೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ, ಪಕ್ಕದವನು ಮುದುಕನ ಕಡೆ ನೋಡಿ, ವಯಸ್ಸಾಯಿತು ಎನ್ನುವಂತೆ ತಲೆ ಬಗ್ಗಿಸಿದ. ಇನ್ನೊಬ್ಬ ಎದ್ದು ಚಪ್ಪಲಿ ಹುಡುಕತೊಡಗಿದ.

"ನಲವತ್ತೇಳು ಅದನ್ನ ಭಾಗಿಸುತ್ತೆ," ಎಂದ ಮಖ್ಲೂಫ್. "ಒಂದು ಲಕ್ಷದ ಎಪ್ಪತ್ತೆಂಟು ಸಾವಿರದ ನಾನೂರ ಎಂಬತ್ತೊಂದು ಸಲ. ಏನೂ ಉಳಿಯೋಲ್ಲ. ಅಂಚಿನಲ್ಲಿ ಬರಿ."

ಬರ್ಹೂನ್ ಕಲಮನ್ನು ಮಸಿಗೆ ಅದ್ದಿದ. ಮನಸ್ಸಿನಲ್ಲೇ ಗುಣಿಸುತ್ತಿದ್ದಾನೆಂದು ಅವನ ತುಟಿಗಳಿಂದ ತಿಳಿಯುತ್ತಿತ್ತು. ಗುಣಿಸಿ ಮುಗಿಸಿದಾಗ ಅವನ ಮುಖದ ಸಿಟ್ಟು ಹೋಗಿ ಬೇರೇನೋ ಬಂತು. ಬರೆದ. ಆಮೇಲೆ ಕೇಳಿದ, ಈ ಸಲ ಮರ್ಯಾದೆಯಿಂದ: "ಇದನ್ನ ಕಂಡುಹಿಡಿದವರು ಯಾರು ಅಂತ ಬರೀಲಿ ಸಿದಿ? ನೀವೇನಾ?"

ಅದು ಸುಲಭವಾದ ಪ್ರಶ್ನೆ. ಹೌದು ಎಂದರೆ ಇದ್ದೀರ್ ಬರೀ ಸೋಮಾರಿಯಾಗಿ ಉಳಿಯುತ್ತಿದ್ದ, ಅಥವಾ ಕೈತಪ್ಪಿದವನಾಗಿ. ಆದರೆ ಮೊದಲು ಕಂಡವನು ತಾನಲ್ಲ. ಇದೊಂದನ್ನಾದರೂ ಇದ್ದಂತೆ ಹೇಳಬೇಕಿತ್ತು. ರೊಟ್ಟಿ ಕೈಯಲ್ಲಿ ಹಿಡಿದು ತಿನ್ನದೆ ಕೂತವನು ಅವನು.

"ಇದ್ದೀರ್," ಎಂದ ಮಖ್ಲೂಫ್. "ಇದನ್ನು ಮೊದಲು ಕಂಡವನು ಇದ್ದೀರ್, ಹೊತ್ತು ನೋಡುವವನು, ಅಂತ ಬರಿ."

ಜನರಲ್ಲಿ ಒಂದು ಮೆಚ್ಚುಗೆಯ ಗುಸುಗುಸು ಹರಡಿತು. ಸತ್ತವನಿಗೆ ಗೌರವ ಕೊಟ್ಟ ಎಂದು ಯಾರೋ ಅಂದರು. ಚಪ್ಪಲಿ ಹುಡುಕುತ್ತಿದ್ದವನು ಮತ್ತೆ ಕೂತ. ಆ ಮೆಚ್ಚುಗೆ ಮಖ್ಲೂಫನ ಮೈಮೇಲೆ ಒದ್ದೆ ಬಟ್ಟೆಯಂತೆ ಅಂಟಿತು. ಬರ್ಹೂನ್ ಹೆಸರನ್ನು ಬರೆದು, ಕಲಮನ್ನು ಎತ್ತಿ ಹಿಡಿದು ಕಾದ.

"ತಾರೀಖು ಸಿದಿ? ಯಾವತ್ತು ಕಂಡದ್ದು ಅವರು?"

ತಾರೀಖು ಮಖ್ಲೂಫನಿಗೆ ಹೆಚ್ಚುಕಡಿಮೆ ಗೊತ್ತಿತ್ತು. ವಾರ ಗೊತ್ತಿತ್ತು, ತಿಂಗಳು ಗೊತ್ತಿತ್ತು. ಅದನ್ನು ಹೇಳಿದರೆ, ಪುಸ್ತಕದ ಕೊನೆಯಲ್ಲಿರುವ ತಾರೀಖಿನ ಪಕ್ಕದಲ್ಲಿ ಅದನ್ನು ಇಟ್ಟು ನೋಡಿದ ಯಾರಿಗಾದರೂ, ಕೈರೋದಲ್ಲಾಗಲಿ ಎಲ್ಲೇ ಆಗಲಿ, ನೂರು ವರ್ಷದ ಮೇಲಾದರೂ, ಕಂಡದ್ದನ್ನು ಇದ್ದೀರ್ ಮುಚ್ಚಿಟ್ಟದ್ದು ತಿಳಿಯುತ್ತದೆ. ಒಂದೇ ಒಂದು ಸಾಲು. ನಿಜವಾದ ಸಾಲು. ಅದು ನಾಲಿಗೆಯ ಮೇಲೆ ಸಿದ್ಧವಾಗಿತ್ತು, ಹೇಳಲು ಆಸೆಯೂ ಇತ್ತು. ಆ ಆಸೆ ಎಷ್ಟು ಬಲವಾಗಿತ್ತೆಂದರೆ ಅವನಿಗೆ ತನ್ನ ಬಗ್ಗೆ ಹೆದರಿಕೆಯಾಯಿತು.

"ತಾರೀಖು ಬೇಡ," ಎಂದ.

"ತಾರೀಖಿಲ್ಲದ ಸಾಕ್ಷ್ಯ ನಿಲ್ಲೋಲ್ಲ ಅಂತ ನೀವೇ ಅಲ್ವಾ ಸಿದಿ ನಮಗೆ ಕಲಿಸಿದ್ದು?"

"ನಿಲ್ಲೋಲ್ಲ," ಎಂದ ಮಖ್ಲೂಫ್. "ಆದ್ರೂ ಹಾಗೇ ಬರಿ."